ಸ್ಪ್ರೇ ಚಿಲ್ಲಿಂಗ್ ಪುಡಿ ಕೈ ಕೊಟ್ರೆ ಎಲ್ಲಿಂದ ಹುಡುಕ್ಬೇಕು

ಸ್ಪ್ರೇ ಚಿಲ್ಲಿಂಗಲ್ಲಿ (ಕಾಪಾಡ್ಬೇಕಾದ ಪದಾರ್ಥ ಬೆರೆಸಿದ ಕರಗಿದ ಕೊಬ್ಬನ್ನ ತಣ್ಣನೆ ಗಾಳಿಗೆ ಸಿಂಪಡಿಸಿ ಪುಡಿ ಮಾಡೋದು) ಏನೇ ತೊಂದ್ರೆ ಬರ್ಲಿ, ಎಲ್ಲರ ಕೈ ಮೊದಲು ಹೋಗೋದು ಗಾಳಿ ತಣ್ಣಗೆ ಮಾಡೋ ಚಿಲ್ಲರ್ ಸೆಟ್‌ಪಾಯಿಂಟ್ ಕಡೆಗೇ. ಗೋಡೆಗೆ ಅಂಟ್ತಾ ಇದ್ಯಾ, ಇನ್ನೂ ಐದು ಡಿಗ್ರಿ ಇಳಿಸು. ಡ್ರಮ್ಮಲ್ಲಿ ಗಡ್ಡೆ ಕಟ್ಟಿದ್ಯಾ, ಇನ್ನೂ ಐದು ಇಳಿಸು. ನೀರಿಗೆ ಹಾಕಿದ ತಕ್ಷಣ ಒಳಗಿನ ಆಸಿಡ್ ಹೊರಗೆ ಬಂತಾ, ಅದಕ್ಕೂ ಅದೇ. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಕೆಲವು ಸಲ ಇದು ಕೆಲ್ಸ ಮಾಡತ್ತೆ, ಅದೇ ದೊಡ್ಡ ಸಮಸ್ಯೆ, ಯಾಕಂದ್ರೆ ಮುಂದಿನ ಸಲ ಅದೇ ಪ್ರಯೋಗ ಮಾಡಿ ಇದ್ದಿದ್ದನ್ನೂ ಕೆಡಿಸ್ಕೊಳ್ತೀವಿ.

ನಾನು ಮೊದಲು ಕೇಳೋ ಪ್ರಶ್ನೆ ಒಂದೇ: ದೋಷ ಕಾಣಿಸ್ಕೊಂಡಿದ್ದು ಯಾವಾಗ? ನಾಜಲ್ (ಸಿಂಪಡಿಸೋ ಮೂತಿ) ಹತ್ರಾನಾ, ಚೇಂಬರ್ ಒಳಗಾ, ಪ್ಯಾಕ್ ಆಗಿ ಕೆಲವು ಗಂಟೆ ಅಥವಾ ದಿನ ಕಳೆದ ಮೇಲಾ, ಇಲ್ಲ ಪುಡಿ ಬಳಸೋವಾಗ ಮಾತ್ರಾನಾ? ಇಷ್ಟಕ್ಕೆ ಉತ್ತರ ಸಿಕ್ರೆ ಅರ್ಧ ಕಾರಣಗಳು ಅಲ್ಲೇ ಲಿಸ್ಟಿಂದ ಹೊರಗೆ ಹೋಗ್ತವೆ.

ಹೊಸಬರಿಗೆ ಅಂತ ಎರಡೇ ಮಾತು. ಕೊಬ್ಬು ಅಥವಾ ಮೇಣವನ್ನ ಕರಗಿಸಿ, ಅದರಲ್ಲಿ ಕಾಪಾಡ್ಬೇಕಾದ ಪದಾರ್ಥ, ಅಂದ್ರೆ ಕೋರ್ (ಸಿಟ್ರಿಕ್ ಆಸಿಡ್, ಅಡಿಗೆ ಸೋಡಾ, ವಿಟಮಿನ್, ಕಬ್ಬಿಣದ ಲವಣ, ಫ್ಲೇವರ್, ಪ್ರೊಬಯಾಟಿಕ್, ಏನಾದ್ರೂ) ಬೆರೆಸಿ, ತಣ್ಣನೆ ಗಾಳಿಗೆ ಹನಿಹನಿಯಾಗಿ ಸಿಂಪಡಿಸ್ತೀವಿ, ಹನಿ ಬೀಳ್ತಾ ಬೀಳ್ತಾ ಗಟ್ಟಿಯಾಗಿ ಪುಡಿ ಆಗತ್ತೆ. ಸ್ಪ್ರೇ ಡ್ರೈಯಿಂಗಲ್ಲಿ ಶಾಖ ಕೊಟ್ಟು ನೀರು ಓಡಿಸ್ತೀವಿ, ಇಲ್ಲಿ ಓಡಿಸೋಕೆ ನೀರೇ ಇಲ್ಲ, ಶಾಖ ತೆಗೆಯೋದೊಂದೇ ಕೆಲ್ಸ. ಸಾಮಾನ್ಯವಾಗಿ ಕಮ್ಮಿ ಕರಗುಬಿಂದುವಿನ ಕೊಬ್ಬು, ಅಂದ್ರೆ 32ರಿಂದ 42 ಡಿಗ್ರಿ ಸೆಲ್ಸಿಯಸ್ಸಿಂದು, ಬಳಸಿದ್ರೆ ಚಿಲ್ಲಿಂಗ್ ಅಂತಾರೆ, ಅದಕ್ಕಿಂತ ಮೇಲಿಂದಾದ್ರೆ ಸ್ಪ್ರೇ ಕೂಲಿಂಗ್ ಅಂತಾರೆ, ಫಾರ್ಮಾದವರು ಕಂಜೀಲಿಂಗ್ ಅಂತಾರೆ. ದೋಷ ಹುಡುಕೋವಾಗ ಎಲ್ಲಾ ಒಂದೇ.

ನಾಜಲ್ ಕಟ್ಕೊಳ್ತಿದೆ, ಇಲ್ಲಾ ನೂಲು ನೂಲಾಗಿ ಬರ್ತಿದೆ

ಇದು ಹೆಚ್ಚುಕಮ್ಮಿ ಯಾವಾಗ್ಲೂ ಬಿಸಿಯ ಕೊರತೆ, ಆದ್ರೆ ಟ್ಯಾಂಕಲ್ಲಿ ಅಲ್ಲ, ಟ್ಯಾಂಕಿಂದ ಆಚೆ. ಟ್ಯಾಂಕ್ ಥರ್ಮಾಮೀಟರ್ 80 ತೋರಿಸ್ತಾ ಇರತ್ತೆ, ಎಲ್ಲರೂ ಅದನ್ನೇ ನೋಡಿ ಸರಿಯಿದೆ ಅಂತಾರೆ, ಆದ್ರೆ ಪೈಪ್ ಜಾಯಿಂಟ್, ಪಂಪ್ ಹೆಡ್, ನಾಜಲ್ ಬಾಡಿ ಇವುಗಳಲ್ಲಿ ಯಾವುದೋ ಒಂದು ಹೀಟ್ ಟ್ರೇಸಿಂಗ್ (ಮೇಲೆ ಸುತ್ತೋ ಹೀಟರ್) ಇಲ್ದೆ ತಣ್ಣನೆ ಗಾಳಿಗೆ ಮೈಯೊಡ್ಡಿ ನಿಂತಿರತ್ತೆ. ಒಂದು ಥರ್ಮೋಕಪಲ್ ತಗೊಂಡು ನಾಜಲ್ ಬಾಡಿಗೇ ಅಂಟಿಸಿ ಓದಿ. ಕೊಬ್ಬಿನ ಕರಗುಬಿಂದುಗಿಂತ ಅಲ್ಲಿ ಕಮ್ಮಿ ಅಂದ್ರೂ 10 ಡಿಗ್ರಿ ಮೇಲೆ ಇರ್ಬೇಕು. ಫುಲ್ ಹೈಡ್ರೋಜನೇಟೆಡ್ ಪಾಮ್ (ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ತಾಳೆ ಎಣ್ಣೆ) ಆಸುಪಾಸು 58ರಿಂದ 60ಕ್ಕೆ ಕರಗತ್ತೆ, ಸೋಯಾದ್ದು 67ರಿಂದ 70, ಕಾರ್ನೌಬಾ ಮೇಣ 82ರಿಂದ 86. ಪಾಮಿಂದ ಸೋಯಾಗೆ ಬದಲಾಯಿಸಿ ಸೆಟ್ಟಿಂಗ್ ಮಾತ್ರ ಹಳೇದೇ ಇಟ್ಕೊಂಡ್ರೆ ಅವತ್ತೇ ನಾಜಲ್ ಕಟ್ಟತ್ತೆ.

ಟು ಫ್ಲೂಯಿಡ್ ನಾಜಲ್ (ಒತ್ತಡದ ಗಾಳಿಯಿಂದ ಹನಿ ಮಾಡೋದು) ಆದ್ರೆ ಅಟಮೈಸಿಂಗ್ ಗಾಳಿ, ಅಂದ್ರೆ ಹನಿ ಒಡೆಯೋ ಗಾಳಿ, ಬಿಸಿ ಇದ್ಯಾ ನೋಡಿ. ಕಂಪ್ರೆಸರಿಂದ ಬಂದ ಗಾಳಿ ತುದೀಲಿ ಹಿಗ್ಗಿದಾಗ ಇನ್ನೂ ತಣ್ಣಗಾಗತ್ತೆ, ಹನಿ ಒಡೆಯೋಕೆ ಮುಂಚೆನೇ ಕೊಬ್ಬು ಬಿಗಿಯಾಗಿ ಎಳೆ ಎಳೆ ಬರತ್ತೆ. ಆ ಗಾಳಿನೂ ಫೀಡ್ (ನಾಜಲಿಗೆ ಹೋಗೋ ಕರಗಿದ ಮಿಶ್ರಣ) ಅಷ್ಟೇ ಬಿಸಿ ಇರ್ಬೇಕು.

ಬಿಸಿ ಎಲ್ಲಾ ಕಡೆ ಸರಿಯಾಗಿದ್ದೂ ನೂಲು ಬಂದ್ರೆ ಆಗ ಕಾರಣ ಸ್ನಿಗ್ಧತೆ, ಅಂದ್ರೆ ದ್ರವದ ಮಂದತೆ. ಕರಗಿದ ಬರೀ ಕೊಬ್ಬು ತೆಳ್ಳಗೆ ಹರಿಯತ್ತೆ, ಆದ್ರೆ ಅದಕ್ಕೆ ಪುಡಿ ಸೇರಿಸ್ತಾ ಹೋದ್ರೆ ಒಂದು ಹಂತದವರೆಗೂ ಏನೂ ಅನ್ಸಲ್ಲ, ಆಮೇಲೆ ಏಕಾಏಕಿ ಪೇಸ್ಟ್ ಥರ ಆಗಿಬಿಡತ್ತೆ. ಕೋರ್ ಪುಡಿ ನುಣ್ಣಗಾದಷ್ಟೂ ಈ ಹಂತ ಬೇಗ ಬರತ್ತೆ. ಸ್ವಲ್ಪ ಲೆಸಿಥಿನ್ (ಕೊಬ್ಬನ್ನೂ ನೀರನ್ನೂ ಬೆರೆಸೋ ಪದಾರ್ಥ) ಹಾಕಿದ್ರೆ ಕಣಗಳು ಬಿಡಿಬಿಡಿಯಾಗಿ ಹರಿವು ಸುಧಾರಿಸತ್ತೆ, ಜಾಸ್ತಿ ಹಾಕಿದ್ರೆ ಅದರ ಶಿಕ್ಷೆ ಕೆಳಗೆ ಸೋರಿಕೆ ಭಾಗದಲ್ಲಿ ಸಿಗತ್ತೆ.

ಗಂಟೆಗಟ್ಲೆ ಚೆನ್ನಾಗಿ ಓಡಿ ಕೊನೇಲಿ ಮಾತ್ರ ಕಟ್ಕೊಂಡ್ರೆ ನಾಜಲನ್ನ ಬೈಬೇಡಿ, ಟ್ಯಾಂಕ್ ತಳ ನೋಡಿ. ಉಪ್ಪು, ಆಸಿಡ್, ಸೋಡಾ ಎಲ್ಲಾ ಕೊಬ್ಬಿಗಿಂತ ತುಂಬಾ ಭಾರ, ಸ್ಟಿರರ್ ತಳ ಮುಟ್ದೇ ಇದ್ರೆ ಕೆಳಗೆ ಕೂರ್ತವೆ. ಗುರುತು ಸುಲಭ: ಮೊದಲ ಡ್ರಮ್ ಮತ್ತು ಕೊನೇ ಡ್ರಮ್ಮಿನ ಪೇಲೋಡ್ (ಪುಡೀಲಿ ಕೋರ್ ಎಷ್ಟು ಪಾಲು ಅನ್ನೋದು) ಅಳೆದು ನೋಡಿ, ಎರಡೂ ಬೇರೆ ಬೇರೆ ಬಂದ್ರೆ ಕೂತಿದೆ ಅಂತ ಅರ್ಥ.

ಗೋಡೆಗೆ ಅಂಟೋದು

ಅಂಟಿದ್ದನ್ನ ಕೆರೆದು ಬಿಸಾಕೋಕೆ ಮುಂಚೆ ಒಂದು ನಿಮಿಷ ನೋಡಿ ದಯವಿಟ್ಟು. ಎಲ್ಲಿ ಅಂಟಿದೆ, ಹೇಗೆ ಅಂಟಿದೆ ಅನ್ನೋದರಲ್ಲೇ ಉತ್ತರ ಇರತ್ತೆ. ನಯವಾಗಿ, ಮೇಣ ಬಳಿದ ಹಾಗೆ ಪದರ ಇದ್ರೆ ಹನಿ ಇನ್ನೂ ದ್ರವ ಇರೋವಾಗಲೇ ಬಂದು ಬಡಿದಿದೆ. ಮರಳು ಮರಳಾಗಿ, ಬೆರಳಲ್ಲಿ ಉಜ್ಜಿದ್ರೆ ಉದುರೋ ಥರ ಇದ್ರೆ ಅದು ಗಟ್ಟಿಯಾಗೇ ಬಂದಿದೆ, ಆದ್ರೆ ಮೈ ಮೆತ್ತಗಿದೆ, ಇಲ್ಲಾ ಎಣ್ಣೆ ಜಿಡ್ಡಿದೆ. ರೋಟರಿ ಡಿಸ್ಕ್ (ನಾಜಲ್ ಬದಲು ತಿರುಗ್ತಾ ಹನಿ ಚಿಮ್ಮಿಸೋ ತಟ್ಟೆ) ಎತ್ತರಕ್ಕೇ ಸರಿಯಾಗಿ ಸುತ್ತ ಒಂದು ಪಟ್ಟಿ ಕಂಡ್ರೆ ದೊಡ್ಡ ಹನಿಗಳು ನೇರ ಗೋಡೆಗೆ ಹಾರ್ತಿವೆ. ಚೇಂಬರಿನ ಕೋನ್ ಆಕಾರದ ತಳದಲ್ಲಿ ಮಾತ್ರ ಇದ್ರೆ ಬೀಳೋ ಸಮಯ ಸಾಲ್ತಾ ಇಲ್ಲ.

ಹನಿಯ ಸೈಜ್ ಇಲ್ಲಿ ನಾವು ಅಂದ್ಕೊಂಡಿದ್ದಕ್ಕಿಂತ ದೊಡ್ಡ ವಿಲನ್. ವ್ಯಾಸ ಡಬಲ್ ಆದ್ರೆ ಗಟ್ಟಿಯಾಗೋಕೆ ಬೇಕಾದ ಸಮಯ ಮೂರರಿಂದ ನಾಲ್ಕು ಪಟ್ಟು ಆಗತ್ತೆ, ಅದರ ಮೇಲೆ ದೊಡ್ಡ ಹನಿ ಬೇಗ ಬೇರೆ ಬೀಳತ್ತೆ, ಅಂದ್ರೆ ಬೇಕಾದ ಸಮಯ ಜಾಸ್ತಿ ಸಿಗೋ ಸಮಯ ಕಮ್ಮಿ. ಹಾಗಾಗಿ ಸರಾಸರಿ ಸೈಜ್ ಚೆನ್ನಾಗಿದೆ ಅಂತ ಸಮಾಧಾನ ಪಟ್ಕೋಬೇಡಿ, ಅಂಟೋದು ಸರಾಸರಿ ಹನಿ ಅಲ್ಲ, ಲೆಕ್ಕದ ತುದೀಲಿರೋ ಕೆಲವೇ ದೊಡ್ಡ ಹನಿಗಳು. ಜರಡಿ ಹಿಡಿದು ಮೇಲೆ ಉಳಿದಿದ್ದನ್ನ ಮೈಕ್ರೋಸ್ಕೋಪಲ್ಲಿ ನೋಡಿ.

ಗಾಳಿ ಸಾಲ್ತಿದ್ಯಾ ಅನ್ನೋಕೆ ಒಂದು ಸಣ್ಣ ಲೆಕ್ಕ ಇದೆ, ಚಿಲ್ಲರ್ ಮುಟ್ಟೋಕೆ ಮುಂಚೆ ಮಾಡ್ಕೊಳ್ಳಿ. ಕರಗಿದ ಕೊಬ್ಬು 80 ಡಿಗ್ರಿಯಿಂದ 25ಕ್ಕೆ ಇಳೀಬೇಕು ಅಂದ್ರೆ, ಡಿಗ್ರಿಗೆ ಕೆಜಿಗೆ ಸುಮಾರು 2 ಕಿಲೋಜೂಲ್ ಲೆಕ್ಕದಲ್ಲಿ 110, ಅದರ ಜೊತೆ ಗಟ್ಟಿಯಾಗೋವಾಗ ಬಿಡೋ ಶಾಖ 200ರ ಹತ್ರ, ಒಟ್ಟು ಕೆಜಿಗೆ 300 ಕಿಲೋಜೂಲ್ ಅಂತ ಇಟ್ಕೊಳ್ಳಿ. ಗಾಳಿ ಒಂದು ಕೆಜಿ ಒಂದು ಡಿಗ್ರಿ ಏರೋಕೆ ಬರೀ 1 ಕಿಲೋಜೂಲ್ ಹೀರತ್ತೆ. ಒಳಗೆ 5 ಡಿಗ್ರಿ, ಹೊರಗೆ 20 ಅಂದ್ರೆ ಕೆಜಿ ಗಾಳಿಗೆ 15. ಅಂದ್ರೆ ಒಂದು ಕೆಜಿ ಕೊಬ್ಬಿಗೆ 20 ಕೆಜಿ ಗಾಳಿ. ಈಗ ನಿಮ್ಮ ಫೀಡ್ ರೇಟ್ ಮತ್ತು ಬ್ಲೋವರ್ ಎರಡನ್ನೂ ಈ ಲೆಕ್ಕಕ್ಕೆ ಹಾಕಿ. ಸುಮಾರು ಸಲ ಗಾಳಿ ತಣ್ಣಗೇ ಇರತ್ತೆ, ಪ್ರಮಾಣ ಸಾಲ್ತಿರಲ್ಲ, ಯಾಕಂದ್ರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟಿ ಹರಿವು ಅರ್ಧ ಆಗಿರತ್ತೆ, ಸೆಟ್‌ಪಾಯಿಂಟ್ ಇನ್ನೂ ಇಳಿಸಿದ್ರೆ ಇನ್ನೂ ಜಾಸ್ತಿ ಮಂಜು ಕಟ್ಟತ್ತೆ. ಒಳಗೆ ಬರೋ ಗಾಳಿಯ ಟೆಂಪರೇಚರ್ ಅಲ್ಲ, ಹೊರಗೆ ಹೋಗೋ ಗಾಳಿಯದ್ದು ನೋಡ್ಬೇಕು, ಅದು ಏರ್ತಾ ಇದ್ರೆ ಗಾಳಿ ಸಾಲ್ದು ಇಲ್ಲಾ ಫೀಡ್ ಜಾಸ್ತಿ.

ಮರಳು ಥರ ಅಂಟೋದಕ್ಕೆ ಇನ್ನೊಂದು ಕಾರಣ ರೆಸಿಪೀಲೇ ಇರತ್ತೆ. ಫ್ಲೇವರ್ ಆಯಿಲ್, ವಿಟಮಿನ್ ಎ, ವಿಟಮಿನ್ ಇ ಇವೆಲ್ಲಾ ಕೊಬ್ಬಲ್ಲಿ ಕರಗೋ ದ್ರವಗಳು, ಕೊಬ್ಬನ್ನೇ ಮೆತ್ತಗೆ ಮಾಡಿಬಿಡ್ತವೆ. ಕೊಬ್ಬಿನ ಡೇಟಾಶೀಟಲ್ಲಿ 60 ಅಂತ ಬರೆದಿದೆ ಅಂತ ಕೂರೋದಲ್ಲ, ಎಲ್ಲಾ ಸೇರಿಸಿದ ಮೇಲೆ ಆ ಮಿಶ್ರಣದ್ದೇ ಕರಗುಬಿಂದು ಅಳೀರಿ.

(ಅಂದಹಾಗೆ ಗೋಡೆಗೆ ಅಂಟಿದ್ದನ್ನ ಪ್ಲಾಂಟ್ ಓಡ್ತಿರೋವಾಗಲೇ ಸುತ್ತಿಗೇಲಿ ಬಡಿದು ಉದುರಿಸೋರು ಇದ್ದಾರೆ. ಕೊಬ್ಬಿನ ನುಣುಪು ಧೂಳು ಗಾಳೀಲಿ ತೇಲ್ತಿದ್ರೆ ಕಿಡಿ ತಾಗಿ ಸ್ಫೋಟ ಆಗೋ ಸಾಧ್ಯತೆ ಇದೆ. ನಿಲ್ಸಿ, ಅರ್ಥಿಂಗ್ ನೋಡಿ, ಆಮೇಲೆ ಕ್ಲೀನ್ ಮಾಡಿ.)

ಪ್ಯಾಕ್ ಆದ ಮೇಲೆ ಗಡ್ಡೆ ಕಟ್ಟೋದು

ಸ್ಪ್ರೇ ಚಿಲ್ಲಿಂಗಲ್ಲಿ ತುಂಬಾ ತಪ್ಪಾಗಿ ಅರ್ಥ ಮಾಡ್ಕೊಳ್ಳೋ ದೋಷ ಇದು. ಚೇಂಬರಿಂದ ಪುಡಿ ಒಣಗಿ ಚೆನ್ನಾಗಿ ಹರೀತಾ ಬಂತು, ಡ್ರಮ್ ತುಂಬಿ ಮುಚ್ಚಿದ್ವಿ, ಮಾರನೇ ದಿನ ತೆಗೆದ್ರೆ ನಡುವೆ ಕಲ್ಲು. ಗೋಡೆ ಹತ್ರ ಇರೋ ಪುಡಿ ಮಾತ್ರ ಇನ್ನೂ ಹರೀತಿದೆ. ಇದನ್ನ ನೋಡಿದ ತಕ್ಷಣ ಗೋದಾಮು ಬಿಸಿ ಇತ್ತು ಅಂತ ಹೇಳ್ಬೇಡಿ. ಗೋದಾಮು ಬಿಸಿ ಇದ್ದಿದ್ರೆ ಮೊದಲು ಮೆತ್ತಗಾಗ್ಬೇಕಿದ್ದಿದ್ದು ಹೊರಗಿನ ಪುಡಿ. ನಡುವೆ ಕಟ್ಟಿದೆ ಅಂದ್ರೆ ಬಿಸಿ ಒಳಗಿಂದಾನೇ ಹುಟ್ಟಿದೆ.

ಎಲ್ಲಿಂದ ಬಂತು ಆ ಬಿಸಿ? ಕೊಬ್ಬಿನ ಹರಳಿಗೆ ಮೂರು ರೂಪ ಇವೆ, ಆಲ್ಫಾ, ಬೀಟಾ ಪ್ರೈಮ್, ಬೀಟಾ. ಒಂದೇ ಅಣು, ಜೋಡಣೆ ಮಾತ್ರ ಬೇರೆ. ಟ್ರೈಸ್ಟಿಯರಿನ್ (ಒಂದು ಗಟ್ಟಿ ಕೊಬ್ಬು) ಉದಾಹರಣೆ ತಗೊಂಡ್ರೆ ಆಲ್ಫಾ 55ರ ಹತ್ರ ಕರಗತ್ತೆ, ಬೀಟಾ ಪ್ರೈಮ್ 64, ಬೀಟಾ 73. ಹನಿಯನ್ನ ಗಬಕ್ಕನೆ ತಣ್ಣಗೆ ಮಾಡಿದ್ರೆ ಅಣುಗಳಿಗೆ ಸರಿಯಾಗಿ ಕೂರೋಕೆ ಪುರುಸೊತ್ತು ಸಿಗಲ್ಲ, ಆಲ್ಫಾದಲ್ಲೇ ನಿಂತುಬಿಡ್ತವೆ, ಕೆಲವು ಕೊಬ್ಬಲ್ಲಿ ಒಂದಷ್ಟು ಭಾಗ ಗಟ್ಟಿಯಾಗದೇ ದ್ರವವಾಗೂ ಉಳಿಯತ್ತೆ. ಆಮೇಲೆ ಡ್ರಮ್ಮಲ್ಲಿ ಕೂತು ನಿಧಾನಕ್ಕೆ ಬೀಟಾ ಕಡೆ ಹೋಗ್ತವೆ, ಹೋಗೋವಾಗ ಉಳಿದಿದ್ದ ಶಾಖ ಹೊರಗೆ ಬಿಡ್ತವೆ. ಗ್ರಾಂಗೆ 40 ಜೂಲ್ ಅಂತ ಇಟ್ಕೊಂಡ್ರೂ, ಆ ಶಾಖ ಹೊರಗೆ ಹೋಗೋಕೆ ದಾರಿ ಇಲ್ದಿದ್ರೆ ಪುಡಿ 20 ಡಿಗ್ರಿ ಏರತ್ತೆ. ಪುಡಿ ಅಂದ್ರೆ ನಡುವೆ ಗಾಳಿ ತುಂಬಿದ ಒಳ್ಳೇ ಇನ್ಸುಲೇಟರ್, ಡ್ರಮ್ ನಡುವಿನ ಶಾಖ ಎಲ್ಲಿಗೆ ಹೋಗ್ಬೇಕು? ಮೇಲಿನ ಲೆಕ್ಕದಲ್ಲಿ ಚೇಂಬರಿಂದ ತೆಗೀಬೇಕು ಅಂತ ಹಾಕಿದ 300 ಕಿಲೋಜೂಲಲ್ಲಿ ಒಂದು ಪಾಲು ತೆಗೀದೇ ಡ್ರಮ್ಮಿಗೆ ತುಂಬಿದೀವಿ, ಅಷ್ಟೇ ಕಥೆ.

ಈಗ ಗೊತ್ತಾಯ್ತಲ್ಲ ಚಿಲ್ಲರ್ ಇನ್ನೂ ಇಳಿಸಿದ್ರೆ ಯಾಕೆ ಕೆಡತ್ತೆ ಅಂತ. ಇನ್ನೂ ಜೋರಾಗಿ ತಣ್ಣಗೆ ಮಾಡಿದ್ರೆ ಇನ್ನೂ ಜಾಸ್ತಿ ಆಲ್ಫಾ, ನಾಳೆ ಡ್ರಮ್ಮಲ್ಲಿ ಇನ್ನೂ ಜಾಸ್ತಿ ಬಿಸಿ. ಚೇಂಬರಲ್ಲಿ ಪುಡಿ ಇನ್ನೂ ಚಂದ ಕಾಣತ್ತೆ ಬೇರೆ, ಹಾಗಾಗಿ ನಂಬ್ಕೋತೀವಿ.

ಖಾತ್ರಿ ಮಾಡ್ಕೊಳ್ಳೋದು ಹೀಗೆ. ತುಂಬಿದ ತಕ್ಷಣ ಡ್ರಮ್ ನಡುವಿಗೆ ಒಂದು ಉದ್ದದ ಪ್ರೋಬ್ ಇಳಿಸಿ, ಇನ್ನೊಂದು ಗೋಡೆ ಹತ್ರ, ಎರಡನ್ನೂ ಲಾಗರಿಗೆ ಹಾಕಿ ರಾತ್ರಿಯಿಡೀ ಬಿಡಿ. ನಡುವಿನದ್ದು ರೂಮ್ ಟೆಂಪರೇಚರ್ ದಾಟಿ ಮೇಲೆ ಹೋಗಿ ಆಮೇಲೆ ಇಳಿದ್ರೆ ರೂಪ ಬದಲಾವಣೆನೇ, ಅನುಮಾನ ಬೇಡ. ರೂಮ್ ಟೆಂಪರೇಚರ್ ಮುಟ್ಟಿ ಅಲ್ಲೇ ನಿಂತ್ರೆ ಬೇರೆ ಕಾರಣ ಹುಡುಕಿ. ಡಿಎಸ್‌ಸಿ (ಪುಡಿಯನ್ನ ಬಿಸಿ ಮಾಡ್ತಾ ಅದು ಎಷ್ಟು ಶಾಖ ಹೀರತ್ತೆ, ಬಿಡತ್ತೆ ಅಂತ ಅಳೆಯೋ ಯಂತ್ರ) ಇದ್ರೆ ಇನ್ನೂ ಒಳ್ಳೇದು: ತಾಜಾ ಪುಡೀಲಿ ಮೊದಲು ಒಂದು ಸಣ್ಣ ಕರಗೋ ಪೀಕ್, ಅದರ ಹಿಂದೆನೇ ಶಾಖ ಬಿಡೋ ಪೀಕ್, ಆಮೇಲೆ ದೊಡ್ಡ ಕರಗೋ ಪೀಕ್ ಬಂದ್ರೆ ಆಲ್ಫಾ ಇದೆ. ವಾರ ಕಳೆದ ಪುಡೀಲಿ ಮೊದಲ ಎರಡು ಮಾಯ ಆಗಿ ಕೊನೇದು ಮಾತ್ರ ಉಳಿದಿದ್ರೆ ಬದಲಾವಣೆ ಮುಗಿದಿದೆ.

ಪರಿಹಾರ ಚೇಂಬರ್ ಹೊರಗಿದೆ. ಪುಡಿಯನ್ನ ನೇರ ಡ್ರಮ್ಮಿಗೆ ತುಂಬದೇ ತೆಳು ಪದರದಲ್ಲಿ ಟ್ರೇ ಮೇಲೆ, ಇಲ್ಲಾ ಫ್ಲೂಯಿಡ್ ಬೆಡ್ಡಲ್ಲಿ (ಕೆಳಗಿಂದ ಗಾಳಿ ಊದಿ ಪುಡಿ ತೇಲಿಸೋದು), ಆಲ್ಫಾ ಕರಗೋ ಬಿಂದುಗಿಂತ ಚೆನ್ನಾಗಿ ಕೆಳಗೆ ಆದ್ರೆ ತೀರಾ ತಣ್ಣಗಲ್ಲದ ಕಡೆ ಹದಕ್ಕೆ ಬಿಡಿ, ಶಾಖ ಹೋಗೋ ದಾರಿ ಇರೋವಾಗಲೇ ಬದಲಾವಣೆ ಮುಗೀಲಿ. ಎಷ್ಟು ಹೊತ್ತು ಅನ್ನೋದು ಕೊಬ್ಬಿನ ಮೇಲೆ ಹೋಗತ್ತೆ, ಡಿಎಸ್‌ಸಿ ನೋಡ್ತಾ ನಿರ್ಧಾರ ಮಾಡಿ. ಟ್ರೇ ಇಡೋಕೆ ಜಾಗ ಇಲ್ಲ ಅಂದ್ರೆ ದೊಡ್ಡ ಡ್ರಮ್ ಬದಲು ಸಣ್ಣ ಚೀಲ, ಚೀಲಗಳ ನಡುವೆ ಸಂದು ಬಿಟ್ಟು. ಗಾಳಿಯನ್ನ ಸ್ವಲ್ಪ ಬೆಚ್ಚಗೆ ಮಾಡಿ ಫೀಡ್ ಕಮ್ಮಿ ಮಾಡಿ ನೋಡೋದೂ ಒಂದು ದಾರಿ, ಉತ್ಪಾದನೆಯವರು ಒಪ್ಪಲ್ಲ ಅದು ಬೇರೆ ಮಾತು.

ನೀರಿಗೆ ಹಾಕಿದ್ರೆ ಬೇಗ ಬಿಟ್ಟುಬಿಡತ್ತೆ

ಮೊದಲು ಟೆಸ್ಟೇ ಸರಿ ಇದ್ಯಾ ನೋಡ್ಕೊಳ್ಳಿ. ಕೊಬ್ಬಿನ ಪುಡಿ ನೀರಲ್ಲಿ ನೆನೆಯಲ್ಲ, ಮೇಲೆ ತೇಲತ್ತೆ. ತೇಲ್ತಿರೋ ಪುಡಿಯಿಂದ ಏನೂ ಬಿಡಲ್ಲ, ರಿಪೋರ್ಟಲ್ಲಿ ಸೋರಿಕೆ ಸೊನ್ನೆ, ಎಲ್ಲರಿಗೂ ಖುಷಿ, ಅದೇ ಪುಡಿ ಹಿಟ್ಟಿಗೆ ಹೋಗಿ ಮಿಕ್ಸರಲ್ಲಿ ತಿರುಗಿದಾಗ ಬಣ್ಣ ಬಯಲು. ಹಾಗಾಗಿ ನೀರಿಗೆ ಚೂರು ಪಾಲಿಸಾರ್ಬೇಟ್ (ಪುಡಿ ನೆನೆಯೋ ಹಾಗೆ ಮಾಡೋ ಸೋಪಿನಂಥ ಪದಾರ್ಥ) ಹಾಕಿ, ಒಂದು ಗ್ರಾಂ ಪುಡಿ 100 ಮಿಲೀಲಿ ಮುಳುಗೋ ಹಾಗೆ ಕಲಕಿ. ಕೋರ್ ಆಸಿಡ್ ಅಥವಾ ಉಪ್ಪಾದ್ರೆ ಕಂಡಕ್ಟಿವಿಟಿ ಮೀಟರ್ ಸಾಕು. ಮೊದಲ ನಿಮಿಷದ ರೀಡಿಂಗ್ ಒಂದು, ಒಂದು ಗಂಟೆ ಆದ ಮೇಲಿನದ್ದು ಒಂದು. ಕೊನೇಗೆ ಅದೇ ಬೀಕರನ್ನ ಕೊಬ್ಬು ಕರಗೋ ಹಾಗೆ ಬಿಸಿ ಮಾಡಿ ಚೆನ್ನಾಗಿ ಕಲಕಿ, ಮತ್ತೆ ಮೊದಲಿನ ಟೆಂಪರೇಚರಿಗೆ ತಣ್ಣಗೆ ಮಾಡಿ ಓದಿದ್ರೆ ಅದು ನೂರಕ್ಕೆ ನೂರು.

ಮೊದಲ ನಿಮಿಷದಲ್ಲೇ ಜಾಸ್ತಿ ಬಂದು ಆಮೇಲೆ ನಿಂತ್ರೆ ಅದು ಹೊರಗೇ ಕೂತಿರೋ ಕೋರ್, ಅಂದ್ರೆ ಮುಚ್ಚಿಕೊಂಡೇ ಇಲ್ಲ. ಮೊದಲು ಕಮ್ಮಿ ಇದ್ದು ನಿಧಾನಕ್ಕೆ ಏರ್ತಾನೇ ಇದ್ರೆ ಬಿರುಕು, ತೂತು. ಎರಡಕ್ಕೂ ಮದ್ದು ಬೇರೆ.

ಹೊರಗೇ ಕೂತಿರೋದಕ್ಕೆ ಮುಖ್ಯ ಕಾರಣ ಕೋರ್ ಪುಡಿಯ ಸೈಜ್. 150 ಮೈಕ್ರಾನ್ ಗೋಲಿಯೊಳಗೆ 100 ಮೈಕ್ರಾನ್ ಹರಳು ಹೇಗೆ ಮುಚ್ಕೊಳ್ಳತ್ತೆ? ಗೋಲಿಯ ವ್ಯಾಸದ ಐದನೇ ಒಂದು ಭಾಗಕ್ಕಿಂತ ಚಿಕ್ಕದಿದ್ರೆ ನೆಮ್ಮದಿ, ಅಂದ್ರೆ ಇಲ್ಲಿ 30 ಮೈಕ್ರಾನ್, ಅದೂ ಸರಾಸರಿ ಅಲ್ಲ, ಹೆಚ್ಚೂಕಮ್ಮಿ ಎಲ್ಲಾ ಕಣಗಳೂ ಅದರೊಳಗೆ. ಪೇಲೋಡ್ ದುರಾಸೆ ಎರಡನೇ ಕಾರಣ, 30–40 ಶೇಕಡಾ ದಾಟಿದ್ರೆ ಕಣಕ್ಕೆ ಕಣ ತಾಗಿ ಒಳಗಿಂದ ಹೊರಗಿನವರೆಗೂ ದಾರಿ ಆಗತ್ತೆ, ಹೊರಗಿನದು ಕರಗಿದ್ರೆ ಒಳಗಿನದಕ್ಕೂ ನೀರು ಹೋಗತ್ತೆ. ಮೂರನೇದು ಲೆಸಿಥಿನ್ ಜಾಸ್ತಿ ಆಗಿದ್ದು, ನೀರು ಕೊಬ್ಬಿನ ಪದರದೊಳಗೆ ಬರೋಕೆ ಅದೇ ಕರೆಯೋಲೆ.

ನಿಧಾನ ಸೋರಿಕೆಗೆ ಮತ್ತೆ ಅದೇ ಆಲ್ಫಾ ಬೀಟಾ. ಬೀಟಾ ಜೋಡಣೆ ಬಿಗಿ, ಸಾಂದ್ರತೆ ಜಾಸ್ತಿ, ಕುಗ್ಗತ್ತೆ, ಬಿರುಕು ಬಿಡತ್ತೆ, ಒಳಗಿರೋದನ್ನ ಹೊರಗೆ ತಳ್ಳತ್ತೆ. ಅದಕ್ಕೇ ತಾಜಾ ಪುಡೀಲಿ ಪಾಸ್ ಆದ ಟೆಸ್ಟ್ ತಿಂಗಳು ಕಳೆದ ಮೇಲೆ ಫೇಲ್ ಆಗೋದು. ತಾಜಾ ಪುಡಿಯ ಸೋರಿಕೆ ರಿಪೋರ್ಟಿಗೆ ನಾನು ಜಾಸ್ತಿ ಬೆಲೆ ಕೊಡಲ್ಲ, ಹದ ಮಾಡಿದ ಪುಡಿಯದ್ದು ತನ್ನಿ ಅಂತೀನಿ.

ಇನ್ನೊಂದು, ಗಾಳಿ ಗುಳ್ಳೆ. ಪುಡಿಯ ಬಲ್ಕ್ ಡೆನ್ಸಿಟಿ (ಒಂದು ಅಳತೆ ಪಾತ್ರೆ ಪುಡಿಯ ತೂಕ) ಇದ್ದಕ್ಕಿದ್ದಂತೆ ಇಳಿದಿದ್ಯಾ? ಒಂದು ಚಿಟಿಕೆ ಸ್ಲೈಡ್ ಮೇಲಿಟ್ಟು ಮೈಕ್ರೋಸ್ಕೋಪ್ ಕೆಳಗೆ ನಿಧಾನಕ್ಕೆ ಬಿಸಿ ಮಾಡಿ, ಗೋಲಿ ಕರಗೋವಾಗ ಒಳಗಿಂದ ಗುಳ್ಳೆ ತಪ್ಪಿಸ್ಕೊಂಡು ಬರೋದು ಕಣ್ಣಿಗೇ ಕಾಣತ್ತೆ. ಸ್ಟಿರರ್ ಸುಳಿ ಎಬ್ಬಿಸಿ ಗಾಳಿ ಎಳ್ಕೊಂಡಿರ್ಬಹುದು, ಆದ್ರೆ ಕೋರ್ ಅಡಿಗೆ ಸೋಡಾ ಆಗಿದ್ರೆ ಮೊದಲು ಅದನ್ನೇ ಅನುಮಾನಿಸಿ, ಬಿಸಿ ಕೊಬ್ಬಲ್ಲಿ ಜಾಸ್ತಿ ಹೊತ್ತು ಕೂತ್ರೆ ಒಡೆದು ಕಾರ್ಬನ್ ಡೈಆಕ್ಸೈಡ್, ನೀರು ಬಿಡತ್ತೆ. ಟ್ಯಾಂಕಲ್ಲಿ ನೊರೆ ಬಂದ್ರೆ ಅದೇ. ಸೋಡಾ ಕೊನೇಲಿ ಸೇರಿಸಿ, ಬೇಗ ಸಿಂಪಡಿಸಿ ಮುಗಿಸಿ. ನೀರು ಕಟ್ಕೊಂಡಿರೋ ಲವಣಗಳೂ ಇದೇ ಜಾತಿ. ಫೆರಸ್ ಸಲ್ಫೇಟ್ ಹೆಪ್ಟಾಹೈಡ್ರೇಟ್ 64 ಡಿಗ್ರಿ ಹತ್ರ ತನ್ನ ನೀರಲ್ಲೇ ಕರಗಿ ಅಂಟಂಟಾಗತ್ತೆ, 80 ಡಿಗ್ರಿ ಕೊಬ್ಬಿಗೆ ಅದನ್ನ ಹಾಕಿದ್ರೆ ಮುಗೀತು ಕಥೆ, ಮೊನೋಹೈಡ್ರೇಟ್ (ನೀರು ಕಮ್ಮಿ ಇರೋದು) ತಗೊಳ್ಳಿ. ಸಿಟ್ರಿಕ್ ಆಸಿಡ್ಡೂ ಅಷ್ಟೇ, ಅನ್‌ಹೈಡ್ರಸ್ (ನೀರು ಕಟ್ಕೊಳ್ಳದೇ ಇರೋದು) ಇರ್ಲಿ.

ಪ್ರೊಬಯಾಟಿಕ್ ಸತ್ತು ಹೋಗಿದ್ರೆ ಚೇಂಬರ್ ತಂಪನ್ನ ಹಿಡ್ಕೊಂಡು ಕೂರ್ಬೇಡಿ, ಅದು ಸತ್ತಿರೋದು ಟ್ಯಾಂಕಲ್ಲಿ. ಬ್ಯಾಕ್ಟೀರಿಯಾ ಸೇರಿಸಿದಾಗಿಂದ ನಾಜಲ್ ದಾಟೋವರೆಗೆ ಎಷ್ಟು ಹೊತ್ತು ಬಿಸೀಲಿತ್ತು ಅಂತ ಅಳೀರಿ, ಟ್ಯಾಂಕಿಂದ ಶುರುವಲ್ಲೂ ಕೊನೇಲೂ ಸ್ಯಾಂಪಲ್ ತೆಗೆದು ಎಣಿಸಿ. ಕಮ್ಮಿ ಕರಗುಬಿಂದುವಿನ ಕೊಬ್ಬು, ಸಣ್ಣ ಸಣ್ಣ ಬ್ಯಾಚ್, ಬೇರೆ ದಾರಿ ಇಲ್ಲ.

ಪುಡಿ ಒದ್ದೆ ಒದ್ದೆ

ಇದು ಚಿಕ್ಕದು ಆದ್ರೆ ದಿನಾ ಆಗೋದು. ಚೇಂಬರಿಂದ 8 ಡಿಗ್ರೀಲಿ ಬಂದ ಪುಡಿಯನ್ನ ತೆರೆದ ಪಾತ್ರೇಲಿ ಹಿಡಿದು, 20 ಡಿಗ್ರಿ ಡ್ಯೂಪಾಯಿಂಟ್ (ಗಾಳಿಯ ತೇವ ನೀರಾಗಿ ಇಳಿಯೋ ಟೆಂಪರೇಚರ್) ಇರೋ ರೂಮಲ್ಲಿಟ್ರೆ ಗಾಳಿಯ ನೀರು ಪುಡಿ ಮೇಲೇ ಇಳಿಯತ್ತೆ, ಆಮೇಲೆ ಮೇಲ್ಮೈಯಲ್ಲಿರೋ ಆಸಿಡ್ ಕರಗಿ ಅಂಟಾಗತ್ತೆ. ಗಡ್ಡೆ ಡ್ರಮ್ಮಿನ ಮೇಲ್ಭಾಗದಲ್ಲಿ, ಹೊರಪದರದಲ್ಲಿ ಇದ್ರೆ ಇದು, ನಡುವೆ ಇದ್ರೆ ಮೇಲೆ ಹೇಳಿದ್ದು, ಹೀಗೆ ಬೇರ್ಪಡಿಸಿ. ಮುಚ್ಚಿದ ಪಾತ್ರೇಲೇ ಹಿಡಿದು ರೂಮ್ ಟೆಂಪರೇಚರಿಗೆ ಬಂದ ಮೇಲೆ ತೆಗೀರಿ, ಹದ ಮಾಡೋ ಟ್ರೇ ಇಡೋ ಜಾಗಕ್ಕೂ ಒಣ ಗಾಳಿನೇ ಕೊಡಿ, ಇಲ್ದಿದ್ರೆ ಒಂದು ದೋಷ ಸರಿ ಮಾಡೋಕೆ ಹೋಗಿ ಇನ್ನೊಂದು ತರ್ತೀರಿ. ಬಿಸಿನೀರಲ್ಲಿ ಚೇಂಬರ್ ತೊಳೆದ ಮಾರನೇ ದಿನದ ಮೊದಲ ಡ್ರಮ್ ಮಾತ್ರ ಒದ್ದೆ ಇದ್ರೆ ಡಕ್ಟ್ ತಿರುವಲ್ಲಿ ನೀರು ನಿಂತಿದೆ, ಫೀಡ್ ಬಿಡೋಕೆ ಮುಂಚೆ ಖಾಲಿ ಬ್ಲೋವರ್ ಓಡಿಸಿ.

ಗಡ್ಡೆಯಾದ ಪುಡಿಯನ್ನ ಮತ್ತೆ ಕರಗಿಸಿ ಸಿಂಪಡಿಸ್ಬಹುದಾ ಅಂತ ಕೇಳೋರಿಗೆ: ಉಪ್ಪು, ಒಣ ಆಸಿಡ್ ಆದ್ರೆ ಹೊಸ ಬ್ಯಾಚಿಗೆ ಸ್ವಲ್ಪ ಸ್ವಲ್ಪ ಸೇರಿಸ್ಬಹುದು, ಒದ್ದೆಯಾಗಿದ್ದನ್ನ ಬೇಡ. ಸೋಡಾ, ವಿಟಮಿನ್, ಫ್ಲೇವರ್ ಎರಡನೇ ಸಲದ ಬಿಸಿ ತಡೆಯಲ್ಲ, ಪ್ರೊಬಯಾಟಿಕ್ ಅಂತೂ ಕೇಳ್ಲೇಬೇಡಿ.